ಒಂದು ಡಾಲರಿನ ಗುರು, ಬರಿಗೈಯ ಸಹಾಯಕರು

ಬೇಸ್‌ಬಾಲ್ ಆಟವನ್ನು ತಾವು ದೂರದರ್ಶನದಲ್ಲಾದರೂ ಒಮ್ಮೆ ನೋಡಿರಬಹುದು. ನೋಡಿರದಿದ್ದರೂ ಚಿಂತೆಯಿಲ್ಲ, ಕ್ರಿಕೆಟ್ ಬಲ್ಲವರಿಗೆ ಅದರ ಹೊರರೂಪವನ್ನು ಗ್ರಹಿಸುವುದು ಕಷ್ಟವೇನಲ್ಲ. ಒಂಬತ್ತು ಮಂದಿಯ ತಂಡ, ಒಂಬತ್ತು ಸರದಿ, ವಜ್ರಾಕೃತಿಯ ಅಂಗಳ. ಅದರ ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಆದರೆ ಕ್ರಿಕೆಟ್ಟಿನಲ್ಲಿ ಕಾಣಸಿಗದ ನೋಟವೊಂದು ಅಲ್ಲಿದೆ. ದಾಂಡು ಹಿಡಿದ ತಂಡದ ತರಬೇತುದಾರನೊಬ್ಬನು ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಮೂರನೆಯ ಮೂಲೆಯ ಪಕ್ಕದಲ್ಲಿ, ಮೈದಾನದೊಳಗೇ ನಿಂತಿರುತ್ತಾನೆ. ಟೋಪಿಯನ್ನು ಮುಟ್ಟುತ್ತಾನೆ, ಎದೆಯನ್ನು ಸವರುತ್ತಾನೆ, ಕಿವಿ ಹಿಡಿಯುತ್ತಾನೆ, ಮೊಣಕೈ ತಟ್ಟುತ್ತಾನೆ. ಅರಿಯದವರಿಗೆ ಅದು ಹುಚ್ಚಾಟದಂತೆ ತೋರೀತು. ಆ ಸನ್ನೆಗಳಲ್ಲಿ ಬಹುಪಾಲು ಎದುರಾಳಿಯ ಕಣ್ಣು ತಪ್ಪಿಸಲೆಂದೇ ಮಾಡುವಂಥವು. ಮೊದಲೇ ಗೊತ್ತುಮಾಡಿಕೊಂಡ ಒಂದು ಗುರುತಿನ ಬೆನ್ನಿಗೆ ಬರುವುದು ಮಾತ್ರ ನಿಜವಾದ ಆಜ್ಞೆ. ಓಡು, ನಿಲ್ಲು, ಚೆಂಡನ್ನು ಮೆಲ್ಲನೆ ತಟ್ಟು ಎಂಬಿತ್ಯಾದಿ ನಿರ್ದೇಶನಗಳೆಲ್ಲ ಮಾತಿಲ್ಲದೆ ಕೈಯಿಂದ ಕಣ್ಣಿಗೆ ದಾಟುತ್ತವೆ.

ಆ ಮೂಲೆಯಲ್ಲಿ ನಿಂತವನು ಅನೇಕ ವೇಳೆ ಮುಖ್ಯ ತರಬೇತುದಾರನಾಗಿರುವುದಿಲ್ಲ, ಸಹಾಯಕನಾಗಿರುತ್ತಾನೆ. ಚೆಂಡೆಸೆಯುವವರ ತೋಳನ್ನು ಕಾಯಲು ಒಬ್ಬ ಸಹಾಯಕ, ಹೊಡೆಯುವವರ ಕಾಲಿನ ನೆಲೆಯನ್ನು ತಿದ್ದಲು ಇನ್ನೊಬ್ಬ. ಮತ್ತೊಬ್ಬನು ಫಂಗೋ ಎಂಬ ಹಗುರವಾದ ಉದ್ದನೆಯ ದಾಂಡನ್ನು ಹಿಡಿದು, ಅಭ್ಯಾಸದ ಹೊತ್ತಿನಲ್ಲಿ ನೂರಾರು ಚೆಂಡುಗಳನ್ನು ಹೊಡೆದು ಕ್ಷೇತ್ರರಕ್ಷಕರನ್ನು ಓಡಿಸುತ್ತಾನೆ. ಪಂದ್ಯ ಗೆದ್ದ ಮರುದಿನ ಪತ್ರಿಕೆಯಲ್ಲಿ ಈ ಕೊನೆಯವನ ಹೆಸರನ್ನು ಹುಡುಕಿದರೆ ಸಿಗುವುದು ಅಪರೂಪ. ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಬೆಟ್ಟದ ಮೇಲೆ ಮೋಶೆಯ ಕೈಗಳು ಸೋತು ಇಳಿಯತೊಡಗಿದವೆಂದೂ, ಆರೋನನೂ ಹೂರನೂ ಇಬ್ಬದಿಯಲ್ಲಿ ನಿಂತು ಅವನ್ನು ಸೂರ್ಯಾಸ್ತದವರೆಗೆ ಎತ್ತಿಹಿಡಿದರೆಂದೂ ವಿಮೋಚನಕಾಂಡದಲ್ಲಿ ಓದುತ್ತೇವೆ. ಆರೋನನ ಹೆಸರು ನಮಗೆಲ್ಲ ಗೊತ್ತು. ಹೂರನ ವಿಷಯವಾಗಿ ಎಷ್ಟು ಪ್ರಸಂಗಗಳನ್ನು ಕೇಳಿದ್ದೇವೆ?

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ರಾಷ್ಟ್ರೀಯ ಪ್ರಶಸ್ತಿಗಳು, ಒಟ್ಟು 12, ಲಾಸ್ ಏಂಜಲೀಸ್ ನಗರದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲಾಗಿವೆ. ಅವುಗಳಲ್ಲಿ 11 ಬಂದದ್ದು ರಾಡ್ ಡೆಡೊ ಎಂಬವರ ಕಾಲದಲ್ಲಿ. 1914ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಅವರು ಇದೇ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ಬ್ಯಾರಿ ಎಂಬ ಗುರುವಿನ ಕೈಕೆಳಗೆ ಆಡಿದರು. 1935ರಲ್ಲಿ ಬ್ರೂಕ್ಲಿನ್ ವೃತ್ತಿಪರ ತಂಡ ಸೇರಿದರಾದರೂ ಅಲ್ಲಿ ಆಡಿದ್ದು ಎರಡೇ ಪಂದ್ಯ. ಬೆನ್ನಿನ ನೋವು ಅವರ ಆಟಕ್ಕೆ ತೆರೆ ಎಳೆಯಿತು. ಊರಿಗೆ ಮರಳಿ ಲಾರಿ ಸಾಗಣೆಯ ಉದ್ಯಮವನ್ನು ಕಟ್ಟಿದರು. ಅದು ದೊಡ್ಡದಾಗಿ ಬೆಳೆಯಿತು.

1942ರಲ್ಲಿ ಬ್ಯಾರಿಯವರು ಯುದ್ಧದ ನಿಮಿತ್ತ ನೌಕಾಪಡೆಗೆ ಹೋದಾಗ ತಂಡವನ್ನು ಶಿಷ್ಯನ ಕೈಗೆ ಒಪ್ಪಿಸಿದರು. ಯುದ್ಧ ಮುಗಿದು ಗುರು ಹಿಂದಿರುಗಿದರು. ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಕುರ್ಚಿ ಒಂದು, ಅರ್ಹರು ಇಬ್ಬರು. ಮೂರು ವರ್ಷ ತಂಡವನ್ನು ನಡೆಸಿದ ಶಿಷ್ಯನು ಏಳಬೇಕೇ, ಅಥವಾ ಹಳೆಯ ಗುರುವು ಬದಿಗೆ ಸರಿಯಬೇಕೇ? ಇಂಥ ಗಳಿಗೆಯಲ್ಲಿ ಶಾಲೆಗಳೂ ಸಂಘಗಳೂ, ಹೇಳಲು ಸಂಕೋಚವಾದರೂ, ಧರ್ಮಕೇಂದ್ರಗಳೂ ಒಡೆದುಹೋದದ್ದನ್ನು ನಾವು ಕಂಡಿದ್ದೇವೆ. ಅವರಿಬ್ಬರು ಜಂಟಿ ತರಬೇತುದಾರರಾದರು. ಬ್ಯಾರಿಯವರು ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಗುರುಗಳಾಗಿದ್ದುದರಿಂದ ಆ ಋತು ಮುಗಿಯುವತನಕ ಡೆಡೊ ಅವರೇ ಬೇಸ್‌ಬಾಲ್ ತಂಡವನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಹಿರಿಯರು ಬಂದು ಕೂಡಿಕೊಳ್ಳುತ್ತಿದ್ದರು.

ಈ ಜೋಡಿಯ ತಂಡ 1948ರಲ್ಲಿ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ಯೇಲ್ ವಿಶ್ವವಿದ್ಯಾಲಯವನ್ನು ಮೂರು ಪಂದ್ಯಗಳ ಸರಣಿಯಲ್ಲಿ ಎರಡರಲ್ಲಿ ಸೋಲಿಸಿ ಮೊದಲ ಪ್ರಶಸ್ತಿಯನ್ನು ಪಡೆಯಿತು. ಸರಣಿಯ ಮೊದಲ ಪಂದ್ಯದ ಕೊನೆಯ ಸರದಿಯಲ್ಲಿ ಯೇಲ್ ತಂಡದ ಓಟಗಾರರು ಮೂರು ಮೂಲೆಗಳಲ್ಲೂ ನಿಂತಿದ್ದರು, ಒಬ್ಬರೂ ಔಟಾಗಿರಲಿಲ್ಲ. ಮುಂದಿನ ಹೊಡೆತಕ್ಕೆ ಒಮ್ಮೆಲೇ ಮೂವರು ಔಟಾಗಿ ಪಂದ್ಯವೇ ಮುಗಿದುಹೋಯಿತು. ದಾಂಡು ಹಿಡಿದು ತನ್ನ ಸರದಿಗಾಗಿ ಕಾದು ನಿಂತಿದ್ದ ಯೇಲ್ ನಾಯಕನಿಗೆ ಆ ಸರದಿ ಬರಲೇ ಇಲ್ಲ. ಆ ಯುವಕ, ಮುಂದೆ 1989ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೇರಿದ ಜಾರ್ಜ್ ಎಚ್. ಡಬ್ಲ್ಯು. ಬುಷ್.

1950ರಲ್ಲಿ ಬ್ಯಾರಿಯವರು ತೀರಿಕೊಂಡರು. ಅಲ್ಲಿಂದ 1986ರವರೆಗೆ ಡೆಡೊ ಅವರೊಬ್ಬರೇ ಮುಖ್ಯಸ್ಥರು. 1970ರಿಂದ 1974ರವರೆಗೆ ಸತತ ಐದು ವರ್ಷ ಪ್ರಶಸ್ತಿ ಅವರ ತಂಡದ್ದೇ ಆಯಿತು. ಈ ಸಾಧನೆಯನ್ನು ಇನ್ನೊಂದು ತಂಡ ಸರಿಗಟ್ಟಿಲ್ಲ. 1973ರಲ್ಲಿ ಒಮಾಹಾ ನಗರದಲ್ಲಿ ಮಿನೆಸೋಟ ತಂಡದ ಡೇವ್ ವಿನ್‌ಫೀಲ್ಡ್‌ನ ಎಸೆತದ ಮುಂದೆ ಎಂಟು ಸರದಿಗಳಲ್ಲಿ ಒಂದು ಓಟವನ್ನೂ ಗಳಿಸಲಾರದೆ 7–0 ಹಿಂದಿದ್ದವರು, ಒಂಬತ್ತನೆಯ ಸರದಿಯಲ್ಲಿ ಎಂಟು ಓಟ ಗಳಿಸಿ 8–7 ಅಂತರದಲ್ಲಿ ಗೆದ್ದರು. ಟಾಮ್ ಸೀವರ್, ಫ್ರೆಡ್ ಲಿನ್, ರ‍್ಯಾಂಡಿ ಜಾನ್ಸನ್ ಮೊದಲಾದವರು ಅವರ ಗರಡಿಯಲ್ಲಿ ಪಳಗಿದವರು. 1964ರ ಟೋಕಿಯೋ ಮತ್ತು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳಲ್ಲಿ ಅಮೆರಿಕ ತಂಡವನ್ನು ನಡೆಸಿದವರೂ ಅವರೇ. ಎದುರಿಗೆ ಬಂದವರನ್ನೆಲ್ಲ ಅವರು 'ಟೈಗರ್' ಎಂದೇ ಕರೆಯುತ್ತಿದ್ದರಂತೆ.

ಇಷ್ಟೆಲ್ಲ ಮಾಡಿದ ಈ ಮನುಷ್ಯ ವಿಶ್ವವಿದ್ಯಾಲಯದಿಂದ ಪಡೆಯುತ್ತಿದ್ದ ವಾರ್ಷಿಕ ಸಂಬಳ ಒಂದು ಡಾಲರ್. ಲಾರಿಗಳ ಉದ್ಯಮ ಅವರ ಮನೆಯನ್ನು ನಡೆಸುತ್ತಿತ್ತು. ಆಟವನ್ನು ಅವರು ಪ್ರೀತಿಗಾಗಿ ಕಲಿಸಿದರು. ಈ ಒಂದು ಡಾಲರಿನ ಕಥೆ ಅಮೆರಿಕದಲ್ಲಿ ಬಹಳ ಪ್ರಸಿದ್ಧ. ಕೇಳಿದಾಗ ತಮ್ಮಂತೆ ನನಗೂ ಮನಸ್ಸು ತುಂಬಿಬಂತು. ಆದರೆ ಅದರ ಪಕ್ಕದಲ್ಲಿಯೇ ಇನ್ನೊಂದು ಕಥೆಯಿದೆ. ಅದನ್ನು ಹೇಳದೆ ಮೊದಲನೆಯದನ್ನಷ್ಟೇ ಹೊಗಳಿದರೆ ನ್ಯಾಯವಾಗದು.

1991ರಲ್ಲಿ ಆ ದೇಶದ ಕಾಲೇಜು ಕ್ರೀಡೆಗಳ ಮಹಾಸಂಘವಾದ ಎನ್‌ಸಿಎಎ, ವೆಚ್ಚ ತಗ್ಗಿಸುವ ಸಲುವಾಗಿ ಹೊಸ ನಿಯಮವೊಂದನ್ನು ಅಂಗೀಕರಿಸಿತು. ಫುಟ್‌ಬಾಲ್ ಬಿಟ್ಟು ಮೊದಲ ಶ್ರೇಣಿಯ ಇತರ ಆಟಗಳಲ್ಲಿ ಒಂದು ದರ್ಜೆಯ ಸಹಾಯಕ ತರಬೇತುದಾರರಿಗೆ ವರ್ಷಕ್ಕೆ ಒಟ್ಟು 16,000 ಡಾಲರಿಗಿಂತ ಹೆಚ್ಚು ಕೊಡಕೂಡದು: ಶಾಲಾವರ್ಷಕ್ಕೆ 12,000, ಬೇಸಿಗೆಗೆ 4,000. ಎಳೆಯರಿಗೆ ವೃತ್ತಿಯ ಬಾಗಿಲು ತೆರೆಯಲೆಂದೇ ಈ ಏರ್ಪಾಡು ಎಂಬ ಸಮರ್ಥನೆಯೂ ಇತ್ತು. ಆದರೆ ಆ ಸ್ಥಾನಗಳಲ್ಲಿ ವರ್ಷಗಟ್ಟಲೆ ಅನುಭವವಿದ್ದವರೂ ಇದ್ದರು. ಮುಖ್ಯ ತರಬೇತುದಾರರ ಸಂಬಳಕ್ಕೆ ಮಾತ್ರ ಯಾವ ಮಿತಿಯೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಸಹಾಯಕರು ಮೊದಲು, ಅವರ ಬೆನ್ನಿಗೆ ಬೇರೆ ಆಟಗಳವರು ನ್ಯಾಯಾಲಯದ ಮೆಟ್ಟಿಲೇರಿದರು. 1995ರಲ್ಲಿ ಕ್ಯಾನ್ಸಸ್‌ನ ಫೆಡರಲ್ ನ್ಯಾಯಾಲಯವೂ 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ, ಉದ್ಯೋಗದಾತರೆಲ್ಲ ಕೂಡಿ ಕೂಲಿಗೆ ಹೀಗೆ ಮಿತಿ ಹಾಕುವುದು ಕಾನೂನುಬಾಹಿರವೆಂದು ತೀರ್ಪಿತ್ತವು. 1999ರಲ್ಲಿ ಸುಮಾರು ಐದೂವರೆ ಕೋಟಿ ಡಾಲರುಗಳ ರಾಜಿಯಲ್ಲಿ ವ್ಯಾಜ್ಯ ಮುಗಿಯಿತು.

ಮುಗಿಯಿತೆಂದುಕೊಂಡದ್ದು ಬೇರೊಂದು ರೂಪದಲ್ಲಿ ಉಳಿದುಕೊಂಡಿತು. ಮೊದಲ ಶ್ರೇಣಿಯ ಬೇಸ್‌ಬಾಲ್ ತಂಡವೊಂದಕ್ಕೆ ಮುಖ್ಯ ತರಬೇತುದಾರನೂ ಸಂಬಳದ ಇಬ್ಬರು ಸಹಾಯಕರೂ ಇರಬಹುದಾಗಿತ್ತು. ನಾಲ್ಕನೆಯವನನ್ನು ಇಟ್ಟುಕೊಂಡರೆ ಅವನು 'ಸ್ವಯಂಸೇವಕ'ನಾಗಿಯೇ ಇರಬೇಕಾಗಿತ್ತು. ಕೊಡಲು ಮನಸ್ಸಿದ್ದ ಕಾಲೇಜೂ ಅವನಿಗೆ ಸಂಬಳ ಕೊಡುವಂತಿರಲಿಲ್ಲ. ಬೆಳಗಿನ ಅಭ್ಯಾಸದಿಂದ ರಾತ್ರಿಯ ಪಂದ್ಯದವರೆಗೆ ದುಡಿದು, ಬೇಸಿಗೆಯಲ್ಲಿ ಮಕ್ಕಳ ಶಿಬಿರಗಳನ್ನು ನಡೆಸಿ ಬಂದ ಹಣದಿಂದ ಅವನು ಜೀವನ ಸಾಗಿಸಬೇಕಾಗಿತ್ತು. ಒಂದು ದಿನ ತಾನೂ ಮುಖ್ಯಸ್ಥನಾಗುವೆನೆಂಬ ಆಸೆಯೇ ಅವನ ಕೂಲಿ. ಆ ಆಸೆ ಸುಳ್ಳೇನಲ್ಲ. ಸಹಾಯಕರ ಸಾಲಿನಿಂದಲೇ ಮೇಲೇರಿದವರುಂಟು: ಮಯಾಮಿಯಲ್ಲಿ ರಾನ್ ಫ್ರೇಸರ್ ಅವರಿಗೆ ನೆರವಾಗಿದ್ದ ಸ್ಕಿಪ್ ಬರ್ಟ್‌ಮನ್, ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ 1991ರಿಂದ 2000ದೊಳಗೆ ಐದು ಪ್ರಶಸ್ತಿ ತಂದುಕೊಟ್ಟರು. ಫುಲ್ಲರ್ಟನ್‌ನಲ್ಲಿ ಆಗಿ ಗರಿಡೊ ಅವರ ಸಹಾಯಕರಾಗಿದ್ದ ಜಾರ್ಜ್ ಹಾರ್ಟನ್, 2004ರ ಅಂತಿಮ ಸರಣಿಯಲ್ಲಿ ಟೆಕ್ಸಾಸ್ ತಂಡದ ಮುಖ್ಯಸ್ಥರಾಗಿದ್ದ ಅದೇ ಗುರುವನ್ನು ಸೋಲಿಸಿದರು. ಆದರೆ ಇವರಿಬ್ಬರೂ ಸಂಬಳ ಪಡೆಯುವ ಸಹಾಯಕರಾಗಿದ್ದವರೆಂಬುದನ್ನು ಮರೆಯಬಾರದು. ಬಡವನ ಮಗನಿಗೆ ನಾಲ್ಕನೆಯ ಸ್ಥಾನದಲ್ಲಿ ಕಾಯುತ್ತ ಕೂರುವಷ್ಟು ಬಲವಿರುವುದೇ?

ಡೆಡೊ ಅವರ ಒಂದು ಡಾಲರನ್ನೂ ಈ ನಾಲ್ಕನೆಯವನ ಬರಿಗೈಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು 'ತ್ಯಾಗ' ಎಂದು ಕರೆಯಲು ನನಗೆ ಮನಸ್ಸಾಗದು. ಮೊದಲನೆಯದು ತಾನಾಗಿ ಬಿಟ್ಟದ್ದು, ಎರಡನೆಯದು ಬಿಡಿಸಿಕೊಂಡದ್ದು. ಈ ವ್ಯತ್ಯಾಸವನ್ನು ನಮ್ಮ ಸಂತ ಪೌಲರಷ್ಟು ಚೆನ್ನಾಗಿ ಅರಿತವರು ವಿರಳ. ಅವರು ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡು ಕೊರಿಂಥದವರಿಂದ ಏನನ್ನೂ ಸ್ವೀಕರಿಸಲಿಲ್ಲ. ಆದರೆ ಅದೇ ಸಭೆಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿ: ಶುಭಸಂದೇಶಕ್ಕಾಗಿ ದುಡಿಯುವವರಿಗೆ ಅದರಿಂದಲೇ ಜೀವನ ನಡೆಸುವ ಹಕ್ಕಿದೆಯೆಂದು ಸೈನಿಕ, ದ್ರಾಕ್ಷಿತೋಟದ ರೈತ, ಕುರಿಗಾಹಿ, ಕಣ ತುಳಿಯುವ ಎತ್ತು ಎಲ್ಲವನ್ನೂ ಸಾಕ್ಷಿಗೆ ಕರೆದು ವಾದಿಸುತ್ತಾರೆ. ತಮ್ಮ ಹಕ್ಕನ್ನು ತಾವು ಬಿಟ್ಟರು; ಇತರರ ಹಕ್ಕನ್ನು ಬಿಟ್ಟುಕೊಡಲಿಲ್ಲ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು 'ರೇರುಂ ನೊವಾರುಂ' ಪತ್ರದಲ್ಲಿ, ಕೆಲಸಗಾರನು ಒಪ್ಪಿದನೆಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾದದ್ದೆನಿಸದು, ಮಿತವಾಗಿ ಬಾಳುವವನ ಬದುಕಿಗೆ ಅದು ಸಾಲುವಂತಿರಬೇಕು ಎಂದು ಬೋಧಿಸಿದಾಗಲೂ ಇದೇ ಎಳೆ ಮುಂದುವರಿದಿತ್ತು.

ತಮ್ಮ ಊರಿನ ದೇವಾಲಯದಲ್ಲಿ ಗಂಟೆ ಬಾರಿಸುವವರನ್ನೋ, ಜಪ ಕಲಿಸುವ ಉಪದೇಶಿಯನ್ನೋ, ಹಬ್ಬದ ಗಾಯನಕ್ಕೆ ಹಾರ್ಮೋನಿಯಂ ನುಡಿಸುವವರನ್ನೋ ತಾವು ಈಗಾಗಲೇ ನೆನೆದಿರಬಹುದು. ಸೇವೆಯೆಂಬ ಪವಿತ್ರ ಪದ ಯಾರ ಬಾಯಿಂದ ಬರುತ್ತಿದೆ, ದುಡಿಯುವವನ ಬಾಯಿಂದಲೋ ದುಡಿಸುವವನ ಬಾಯಿಂದಲೋ, ಎಂಬುದನ್ನು ಅವರನ್ನೇ ಕೇಳಿ ತಿಳಿಯುವುದು ಒಳಿತು.

ಡೆಡೊ ಅವರು 2006ರ ಜನವರಿ 5ರಂದು, 91ನೆಯ ವಯಸ್ಸಿನಲ್ಲಿ ನಿಧನರಾದರು. 2022ರಲ್ಲಿ ಬೇಸ್‌ಬಾಲ್‌ನ 'ಸ್ವಯಂಸೇವಕ' ತರಬೇತುದಾರರು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮರುವರ್ಷದ ಜನವರಿಯಲ್ಲಿ ಮಹಾಸಂಘವು ಆ ಸ್ಥಾನವನ್ನೇ ರದ್ದುಗೊಳಿಸಲು ತೀರ್ಮಾನಿಸಿತು. 2023ರ ಜುಲೈ 1ರಿಂದ ನಾಲ್ಕನೆಯವನಿಗೂ ಸಂಬಳ ಕೊಡಲು ಕಾಲೇಜುಗಳಿಗೆ ಅನುಮತಿ ದೊರೆಯಿತು. ಕೆಲಸ ಬದಲಾಗಲಿಲ್ಲ, ಅದೇ ಅಂಗಳ, ಅದೇ ಉದ್ದನೆಯ ಫಂಗೋ ದಾಂಡು, ಬೆಳಗಿನ ಬಿಸಿಲಿನಲ್ಲಿ ಅವೇ ನೂರಾರು ಚೆಂಡುಗಳು.