ಕೋಕೋ ವ್ಯಾಪಾರವೂ ದಾಸ್ಯವೂ

ಕ್ರಿ. ಶ. 1901ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕ್ಯಾಡ್‌ಬರಿ ಕೋಕೋ ಕಾರ್ಖಾನೆಯವರ ಕೈಗೆ ಒಂದು ತೋಟದ ಮಾರಾಟದ ಪಟ್ಟಿಯು ಬಂದಿತು. ತೋಟವು ಆಫ್ರಿಕದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿರುವ ಸಾವೋ ತೋಮೆ ಎಂಬ ದ್ವೀಪದಲ್ಲಿದ್ದಿತು. ದ್ವೀಪವು ಆಗ ಪೋರ್ಚುಗೀಸರದು. ಮಾರತಕ್ಕಿದ್ದ ಸ್ವತ್ತುಗಳ ನಡುವೆ ಇನ್ನೂರು ಮಂದಿ ಕರಿಯ ಕೂಲಿಗಳೆಂದೂ ಅವರ ಬೆಲೆ 3,555 ಪೌಂಡುಗಳೆಂದೂ ಒಂದು ಬಾಬು ನಮೂದಾಗಿದ್ದಿತು. ಕೂಲಿಯವನಿಗೆ ಕೂಲಿಯನ್ನು ಕೊಡುವುದುಂಟು; ಕೂಲಿಯವನಿಗೇ ಬೆಲೆ ಕಟ್ಟುವುದು ದಾಸವಿಕ್ರಯದಲ್ಲಲ್ಲದೆ ಮತ್ತೆಲ್ಲಿ?

ಪೋರ್ಚುಗಲ್ ಸರ್ಕಾರವು ದಾಸ್ಯವನ್ನು ರದ್ದುಪಡಿಸುವ ಆಜ್ಞೆಯನ್ನು 1869ರಲ್ಲಿಯೇ ಹೊರಡಿಸಿದ್ದಿತು. ಆ ಮೇಲೆ ದಾಸನೆಂಬ ಹೆಸರು ಹೋಗಿ ಕರಾರಿನ ಆಳು ಎಂಬ ಹೆಸರು ಬಂದಿತು. ಅಂಗೋಲದ ಒಳನಾಡಿನಲ್ಲಿ ಕೊಂಡ ಅಥವಾ ಹಿಡಿದ ಜನರನ್ನು ಸಮುದ್ರತೀರಕ್ಕೆ ನಡೆಸಿ ತರುತ್ತಿದ್ದರು. ಅಲ್ಲಿ ಒಬ್ಬ ಅಧಿಕಾರಿಯ ಎದುರಿಗೆ ಐದು ವರ್ಷಗಳ ಕರಾರು. ಒಪ್ಪಿಗೆಯುಂಟೇ ಎಂಬ ಶಾಸ್ತ್ರದ ಪ್ರಶ್ನೆ. ಕೊರಳಿಗೆ ತಗಡಿನ ಬಿಲ್ಲೆ. ದ್ವೀಪಕ್ಕೆ ಹೋದವರಲ್ಲಿ ಹಿಂದಿರುಗಿದವರು ಇಲ್ಲವೆಂಬಷ್ಟು ವಿರಳ. 1904-05ರಲ್ಲಿ ಆ ಮಾರ್ಗದಲ್ಲಿ ಸಂಚರಿಸಿದ ಹೆನ್ರಿ ನೆವಿನ್‌ಸನ್ ಎಂಬ ಪತ್ರಕರ್ತನು ದಾರಿಯುದ್ದಕ್ಕೂ ಮನುಷ್ಯರ ಎಲುಬುಗಳನ್ನೂ ಮರದ ಕೋಳಗಳನ್ನೂ ಕಂಡು ಬರೆದನು.

ಕ್ಯಾಡ್‌ಬರಿ ಮನೆತನದವರು ಕ್ವೇಕರ್ ಮತದವರು. ದಾಸವ್ಯಾಪಾರದ ವಿರುದ್ಧ ಮೊದಲಿಗೆ ದನಿಯೆತ್ತಿದವರಲ್ಲಿ ಆ ಮತದವರೇ ಪ್ರಮುಖರು. ಬೋರ್ನ್‌ವಿಲ್ಲಿನ ತಮ್ಮ ಕಾರ್ಖಾನೆಯ ಬಳಿ ಇವರು ಉದ್ಯಾನಸಹಿತವಾದ ಮನೆಗಳ ಊರನ್ನೇ ಕಟ್ಟಿಸಿದ್ದರು. ಆದರೆ ಅಲ್ಲಿ ಅರೆಯುತ್ತಿದ್ದ ಕೋಕೋ ಬೀಜದಲ್ಲಿ ಹೆಚ್ಚುಕಡಮೆ ಅರ್ಧಭಾಗವು ಸಾವೋ ತೋಮೆಯಿಂದ ಬರುತ್ತಿದ್ದಿತು.

ಪಟ್ಟಿಯನ್ನು ಕಂಡ ವಿಲಿಯಂ ಕ್ಯಾಡ್‌ಬರಿಯು ಸುಮ್ಮನಿರಲಿಲ್ಲ. 1903ರಲ್ಲಿ ಲಿಸ್ಬನ್ನಿಗೆ ಹೋದನು. ಹೊಸ ಶಾಸನವು ಬಂದಿದೆ, ತಾಳಿರಿ ಎಂದರು. 1905ರಲ್ಲಿ ಜೋಸೆಫ್ ಬರ್ಟ್ ಎಂಬುವನನ್ನು, ಪೋರ್ಚುಗೀಸ್ ಭಾಷೆಯನ್ನು ಕಲಿಸಿ, ವಿಚಾರಣೆಗೆ ಕಳುಹಿಸಿದನು. ಆತನು ಮರಳಿದುದು 1907ರಲ್ಲಿ. ಬ್ರಿಟಿಷ್ ವಿದೇಶಾಂಗ ಇಲಾಖೆಯೂ ಅವಸರ ಬೇಡವೆಂದಿತು. ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಆಳುಗಳು ಪೋರ್ಚುಗೀಸರ ಮೊಜಾಂಬಿಕದಿಂದಲೇ ಬರಬೇಕಾಗಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು. ಕೊಳ್ಳುವುದನ್ನು ನಿಲ್ಲಿಸಿದರೆ ತಮ್ಮ ಮಾತಿಗಿರುವ ಬೆಲೆಯೂ ಹೋಗುವುದೆಂದು ಕ್ಯಾಡ್‌ಬರಿಯವರ ವಾದ. ಈ ವಾದವು ಕೇವಲ ಕಪಟವೆನ್ನಲಾಗದು. ಆದರೆ ವಿಚಾರಣೆಯು ನಡೆಯುತ್ತಿದ್ದಷ್ಟು ಕಾಲವೂ ಬೀಜವು ಬರುತ್ತಲೇ ಇದ್ದಿತು.

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಮಾಂಸದ ಪ್ರಸಂಗದಲ್ಲಿ ಕೊಂದವನನ್ನು ಮಾತ್ರವಲ್ಲದೆ ಅನುಮತಿಯಿತ್ತವನನ್ನೂ ಕ್ರಯವಿಕ್ರಯ ಮಾಡಿದವನನ್ನೂ ಅಟ್ಟವನನ್ನೂ ಬಡಿಸಿದವನನ್ನೂ ಉಂಡವನನ್ನೂ ಘಾತಕರೆಂದೇ ಗಣಿಸಿದೆ. ಅಲ್ಲಿ ವಿಚಾರಣೆಗೆಂದು ವರ್ಷಗಳ ಅವಧಿಯನ್ನು ಕೊಟ್ಟಿಲ್ಲ.

1908ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ‘ಸ್ಟ್ಯಾಂಡರ್ಡ್’ ಪತ್ರಿಕೆಯು ಈ ಮಾತನ್ನೆತ್ತಿ ಹಂಗಿಸಿತು. ಇದರಲ್ಲಿ ರಾಜಕೀಯವೂ ಇದ್ದಿತು: ಟ್ರಾನ್ಸ್‌ವಾಲಿನ ಚೀನೀ ಕೂಲಿಗಳ ದುರವಸ್ಥೆಯನ್ನು ಖಂಡಿಸುತ್ತಿದ್ದ ‘ಡೈಲಿ ನ್ಯೂಸ್’ ಪತ್ರಿಕೆಯು ಜಾರ್ಜ್ ಕ್ಯಾಡ್‌ಬರಿಯ ಒಡೆತನದ್ದು. ಕಾರ್ಖಾನೆಯವರು ಮಾನನಷ್ಟದ ದಾವೆಯನ್ನು ಹೂಡಿದರು. ದಾವೆಯು ವಿಚಾರಣೆಗೆ ಬರುವ ಮೊದಲೇ, 1909ರ ಮಾರ್ಚಿಯಲ್ಲಿ, ಫ್ರೈ ಮತ್ತು ರೌನ್‌ಟ್ರೀ ಕಾರ್ಖಾನೆಯವರೊಡನೆ ಕೂಡಿ ಸಾವೋ ತೋಮೆಯ ಬೀಜವನ್ನು ವರ್ಜಿಸಿದರು.

ಆ ವರ್ಷದ ಕೊನೆಗೆ ಬರ್ಮಿಂಗ್‌ಹ್ಯಾಂ ನ್ಯಾಯಾಲಯದಲ್ಲಿ ಪತ್ರಿಕೆಯ ವಕೀಲನಾದ ಎಡ್ವರ್ಡ್ ಕಾರ್ಸನ್ನನು ವಿಲಿಯಂನನ್ನು ಸವಾಲಿಗೆ ನಿಲ್ಲಿಸಿ, ಈ ಎಂಟು ವರ್ಷಗಳಲ್ಲಿ ನಿಮ್ಮ ಕೋಕೋವಿಗಾಗಿ ಎಷ್ಟು ದಾಸರು ಪ್ರಾಣಬಿಟ್ಟರೆಂದು ಅಂದಾಜು ಮಾಡಿದ್ದುಂಟೇ ಎಂದು ಕೇಳಿದನು. ಇಲ್ಲವೆಂದು ಉತ್ತರ ಬಂದಿತು. ಜೂರಿಯವರು ಮಾನನಷ್ಟವು ನಿಜವೆಂದು ತೀರ್ಮಾನಿಸಿ, ಪರಿಹಾರವಾಗಿ ಒಂದು ಫಾರ್ದಿಂಗನ್ನು, ಎಂದರೆ ಪೆನ್ನಿಯ ಕಾಲುಭಾಗವನ್ನು, ಕೊಡಿಸಿದರು.

ಕ್ಯಾಡ್‌ಬರಿಯವರು ಸಣ್ಣ ರೈತರು ಬೆಳೆಯುತ್ತಿದ್ದ ಗೋಲ್ಡ್ ಕೋಸ್ಟಿನ ಬೀಜಕ್ಕೆ ತಿರುಗಿದರು. ಸಾವೋ ತೋಮೆಯ ಬೀಜಕ್ಕೆ ಬೇರೆ ದೇಶಗಳಲ್ಲಿ ಗಿರಾಕಿಗಳು ದೊರೆತರು. ಆಮೇಲೆ ಶತಮಾನವೇ ಕಳೆದು, 2015ರಲ್ಲಿ ಬ್ರಿಟನ್ನಿನಲ್ಲಿ ಆಧುನಿಕ ದಾಸ್ಯದ ಶಾಸನವಾಯಿತು. ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡು ಅಥವಾ ಅದಕ್ಕೆ ಮೇಲ್ಪಟ್ಟ ವಹಿವಾಟುಳ್ಳ ವ್ಯಾಪಾರಸಂಸ್ಥೆಗಳು, ತಮ್ಮ ಉದ್ಯಮದಲ್ಲಿಯೂ ತಮಗೆ ಸರಕು ಒದಗಿಸುವವರಲ್ಲಿಯೂ ದಾಸ್ಯವು ಸೇರದಂತೆ ಏನು ಮಾಡಿರುವೆವೆಂದು ಪ್ರತಿವರ್ಷವೂ ಪ್ರಕಟಿಸಬೇಕೆಂದು ಅದರ 54ನೆಯ ವಿಧಿ. ಏನನ್ನೂ ಮಾಡಿಲ್ಲವೆಂದು ಪ್ರಕಟಿಸುವುದಕ್ಕೂ ಅದೇ ವಿಧಿಯಲ್ಲಿ ಅವಕಾಶವಿಟ್ಟಿದೆ.