ಸಂಬಳದ ಆಟ: ನಮ್ಮ ಬೆಂಗಳೂರು ಎಫ್‌ಸಿ

ದೇವಳಾಲಿ ಕ್ಯಾಂಪ್‌ನಲ್ಲಿ ನಮ್ಮ ಕ್ವಾರ್ಟರ್ಸ್ ಹಿಂದೆ ಒಂದು ಮೈದಾನವಿದೆ. ಸಂಜೆ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಬೆಂಗಳೂರಿನ ಆಫೀಸಿನವರ ಜೊತೆ ಕಾಲ್‌ನಲ್ಲಿರುವಾಗ ಹೊರಗೆ ಸೈನಿಕರ ಫುಟ್‌ಬಾಲ್ ಶುರುವಾಗುತ್ತದೆ. ಮೈಕ್ ಆಫ್ ಮಾಡಲು ಮರೆತರೆ "ಏನ್ ಮೇಡಂ, ಮ್ಯಾಚ್ ನೋಡ್ತಿದ್ದೀರಾ?" ಎಂದು ಆ ಕಡೆಯಿಂದ ನಗು. ಮಹಿಳಾ ವೇದಿಕೆಯ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆಯಿರಿ ಎಂದು ಕೇಳಿದಾಗ ಹೊಯ್ಸಳರ ಬಗ್ಗೆ ಬರೆಯಲು ನನಗಿಂತ ತಿಳಿದವರು ನಮ್ಮ ಸಂಘದಲ್ಲೇ ಇದ್ದಾರೆ ಅನ್ನಿಸಿತು. ನನಗೆ ಗೊತ್ತಿರುವ ಇತಿಹಾಸಕ್ಕೆ ಇನ್ನೂ ಹದಿನೈದು ವರ್ಷವೂ ತುಂಬಿಲ್ಲ. ಅದರ ಬಣ್ಣ ನೀಲಿ.

ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 2013ರ ಜುಲೈ 20ರಂದು. ಆದರೆ ಬೆಂಗಳೂರಿನ ಫುಟ್‌ಬಾಲ್ ಅದಕ್ಕಿಂತ ಬಹಳ ಹಳೆಯದು, ಮತ್ತು ನಮ್ಮ ದೇವಳಾಲಿಯಲ್ಲಿ ಇರುವಂತೆ ಅಲ್ಲೂ ಅದು ದಂಡಿನ ಆಟ. 1809ರಲ್ಲಿ ಬ್ರಿಟಿಷರು ಕಂಟೋನ್ಮೆಂಟ್ ಕಟ್ಟಿದರು. ಸೋಲ್ಜರುಗಳ ಆಟ ನೋಡುತ್ತಾ ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಚೆಂಡು ಒದೆಯಲು ಕಲಿತರು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. ನಮ್ಮೂರಿನ ಸರ್ಕಲ್ಲುಗಳಲ್ಲಿ ಯಾರ್‍ಯಾರ ಪ್ರತಿಮೆಗಳಿಲ್ಲ ಹೇಳಿ, ಆದರೆ ಬ್ರೆಜಿಲಿನವನೊಬ್ಬನಿಗೆ ಪ್ರತಿಮೆ ಇಟ್ಟ ಬಡಾವಣೆ ಅದು.

ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ದಶಕಗಳ ಕಾಲ ಅದನ್ನು ಗೆಲ್ಲುತ್ತಿದ್ದವು ಬ್ರಿಟಿಷ್ ರೆಜಿಮೆಂಟುಗಳು. ಅದನ್ನು ಮೊದಲು ಗೆದ್ದ ಭಾರತೀಯ ತಂಡ ಕೋಲ್ಕತ್ತದ್ದಲ್ಲ, ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತರಲ್ಲ, ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಇಲ್ಲೇ ಇದೆ ಬೆಂಗಳೂರಿನ ಕಥೆಯ ಗಂಟು. ಆಟಗಾರ ಇಲ್ಲಿ ಹುಟ್ಟುತ್ತಾನೆ, ದುಡಿಯಲು ಕೋಲ್ಕತ್ತಕ್ಕೆ ಹೋಗುತ್ತಾನೆ.

ಊರಲ್ಲೇ ಉಳಿದವರಿಗೆ ಕಾರ್ಖಾನೆಗಳಿದ್ದವು. ಓಝರ್ ಕಡೆಯ ನಮ್ಮ ಸದಸ್ಯರಿಗೆ ಎಚ್‌ಎಎಲ್ ಅಂದರೆ ವಿಮಾನ. ಬೆಂಗಳೂರಿನ ಹಳಬರಿಗೆ ಅದು ಫುಟ್‌ಬಾಲ್ ತಂಡ ಕೂಡ. ಐಟಿಐ ಹಾಗೆಯೇ. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಹಾಜರಿ, ಸಂಜೆ ಅಭ್ಯಾಸ, ಮಂಡಿ ಹೋದ ಮೇಲೂ ಅರವತ್ತರವರೆಗೆ ಸಂಬಳ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. ಐದನೆಯದಕ್ಕೆ ಕರ್ನಾಟಕ 2023ರ ಮಾರ್ಚ್‌ವರೆಗೆ, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ವರೆಗೆ ಕಾಯಬೇಕಾಯಿತು.

ನನ್ನ ಅಪ್ಪ ಅಂಥ ಒಂದು ಕಾರ್ಖಾನೆಯ ಎರಡನೇ ದರ್ಜೆಯ ತಂಡದಲ್ಲಿ ಆಡಿದವರು. ಭಾನುವಾರ ತಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮ್ಯಾಚಿಗೆ ಹೋಗುತ್ತಿದ್ದರು. ನನಗೆ ಮಾತ್ರ "ಅಲ್ಲಿ ಹೆಣ್ಮಕ್ಕಳು ಕೂರೋ ಹಾಗಿರಲ್ಲಮ್ಮ" ಅನ್ನುವ ಉತ್ತರ. ತಮ್ಮನಿಗೆ ಆಟದಲ್ಲಿ ಒಂಚೂರೂ ಆಸಕ್ತಿ ಇರಲಿಲ್ಲ, ಕಡಲೆಕಾಯಿ ತಿಂದು ಬರುತ್ತಿದ್ದ.

2011-12ರವರೆಗೆ ಐ-ಲೀಗ್‌ನಲ್ಲಿ ಎಚ್‌ಎಎಲ್ ತಂಡವಿತ್ತು. ಅದು ಕೆಳಗಿಳಿದ ಮೇಲೆ ದೇಶದ ಮೇಲಿನ ಹಂತದಲ್ಲಿ ಬೆಂಗಳೂರಿನ ಹೆಸರೇ ಇಲ್ಲವಾಯಿತು. ಆಗ ಫುಟ್‌ಬಾಲ್ ಫೆಡರೇಶನ್ ಹೊಸ ಊರುಗಳಲ್ಲಿ ತಂಡ ಕಟ್ಟಲು ಕಂಪನಿಗಳನ್ನು ಕರೆಯಿತು. ಬೆಂಗಳೂರಿಗೆ ಬಂದವರು ಜೆಎಸ್‌ಡಬ್ಲ್ಯೂ. ಕೋಚ್ ಆಗಿ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಬಂದರು, ನಾಯಕನಾಗಿ ಸುನಿಲ್ ಛೆಟ್ರಿ. ನಮ್ಮ ವೇದಿಕೆಯ ಗೆಳತಿಯರಿಗಾಗಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಛೆಟ್ರಿಯ ತಂದೆ ಸೇನೆಯ ಇಎಂಇಯಲ್ಲಿದ್ದವರು, ಆದರೆ ತಾಯಿ ಸುಶೀಲಾ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು, ತಮ್ಮ ಅವಳಿ ಸಹೋದರಿಯ ಜೊತೆಗೆ. 'ಅಪ್ಪನ ಹಾಗೆ ಮಗ' ಎಂದು ಬರೆಯುವವರು ಇದನ್ನು ನೆನಪಿಡಲಿ.

ಆಗ ನಾನು ಬೆಂಗಳೂರಿನಲ್ಲಿ ಎಂಟೆಕ್ ಓದುತ್ತಿದ್ದೆ. 2013ರ ಸೆಪ್ಟೆಂಬರ್ 22, ಅಶೋಕನಗರದ ಪುಟ್ಟ ಫುಟ್‌ಬಾಲ್ ಸ್ಟೇಡಿಯಂ, ಮೊದಲ ಪಂದ್ಯ ಮೋಹನ್ ಬಾಗಾನ್ ಎದುರು. ಹಾಸ್ಟೆಲ್ಲಿನ ನಾವು ಮೂವರು ಹುಡುಗಿಯರು ಹೋದೆವು. 1-1 ಡ್ರಾ. ಸ್ಕೋರಿಗಿಂತ ನನಗೆ ನೆನಪಿರುವುದು ನಾವು ಕೂತೆವು ಎನ್ನುವುದೇ. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಮನೆಗೆ ಫೋನ್ ಮಾಡಿ ಹೇಳಿದರೆ ಅಪ್ಪನಿಂದ ಒಂದೇ ಮಾತು: "ಅದು ಕಂಪನಿ ಟೀಮು ಕಣಮ್ಮ, ನಮ್ದಲ್ಲ. ದುಡ್ಡು ಬತ್ತಿದ ದಿನ ಬಾಗಿಲು ಹಾಕ್ತಾರೆ."

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ದೇಶದಲ್ಲಿ ಹಾಗೆ ಮುಚ್ಚಿಹೋದ ತಂಡಗಳು ಬೇಕಾದಷ್ಟಿವೆ. ತಂಡದಲ್ಲಿ ಕನ್ನಡದ ಹುಡುಗರು ಬೆರಳೆಣಿಕೆಯಷ್ಟೂ ಇಲ್ಲ ಎನ್ನುವುದು ಅವರ ಇನ್ನೊಂದು ತಕರಾರು. ಅದು ನನಗೂ ಇದೆ, ಈಗಲೂ.

ಆದರೆ ತಂಡ ಗೆಲ್ಲತೊಡಗಿತು. 2014ರ ಏಪ್ರಿಲ್ 21ರಂದು ಗೋವಾದ ಫಟೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಮೊದಲ ವರ್ಷವೇ ಐ-ಲೀಗ್ ಚಾಂಪಿಯನ್. ಮರುವರ್ಷ ಫೆಡರೇಶನ್ ಕಪ್. ತಂಡ ಕಂಠೀರವಕ್ಕೆ ಬಂತು, ಪಶ್ಚಿಮದ ಸ್ಟ್ಯಾಂಡಿನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಿತ್ತು. 2015ರ ಮೇ 31ರಂದು ಅದೇ ಕಂಠೀರವದಲ್ಲಿ ಲೀಗ್‌ನ ಕೊನೆಯ ಪಂದ್ಯ. ಮತ್ತೆ ಮೋಹನ್ ಬಾಗಾನ್. ಗೆದ್ದರೆ ಪಟ್ಟ ನಮ್ಮದು, ಡ್ರಾ ಆದರೆ ಅವರದು. ಮುನ್ನಡೆ ನಮ್ಮದೇ ಇತ್ತು. ಇನ್ನೇನು ಮೂರು ನಿಮಿಷ ಎನ್ನುವಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು. ಆ ದಿನ ಮಳೆಯಲ್ಲಿ ನೆನೆದುಕೊಂಡು ಬಸ್‌ಸ್ಟಾಪಿಗೆ ನಡೆದಾಗ ಯಾರೂ ಮಾತಾಡಲಿಲ್ಲ. 2016ರಲ್ಲಿ ಲೀಗ್ ಮತ್ತೆ ನಮ್ಮದಾಯಿತು, ಆದರೂ ಆ ಮೂರು ನಿಮಿಷ ಹೊಟ್ಟೆಯಲ್ಲಿ ಇನ್ನೂ ಇದೆ.

ಅಪ್ಪ ಮೊದಲ ಸಲ ಬಂದದ್ದು 2016ರ ಅಕ್ಟೋಬರ್ 19ರಂದು. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿ 1-1 ಆಗಿತ್ತು. ಟಿಕೆಟ್ ನಾನೇ ತೆಗೆದಿದ್ದೆ, ದುಡ್ಡು ದಂಡವಾಗುತ್ತದೆ ಎಂದು ಬಂದರು. ಹನ್ನೊಂದನೇ ನಿಮಿಷಕ್ಕೆ ಜೊಹೊರ್ ಗೋಲು ಹೊಡೆದಾಗ "ನೋಡಿದ್ಯಾ" ಎಂಬಂತೆ ನನ್ನ ಕಡೆ ನೋಡಿದರು. ಛೆಟ್ರಿ ವಿರಾಮಕ್ಕೆ ಮೊದಲು ಒಂದು, ಆಮೇಲೆ ದೂರದಿಂದ ಇನ್ನೊಂದು. ಎರಡನೆಯದಕ್ಕೆ ಅಪ್ಪ ಎದ್ದು ನಿಂತರು. ಹುವಾನನ್ ಮೂರನೆಯದು ಹೊಡೆದಾಗ ಪಕ್ಕದ ಅಪರಿಚಿತ ಹುಡುಗನೊಬ್ಬ ಅವರನ್ನು ತಬ್ಬಿಕೊಂಡ. 3-1. ಏಷ್ಯಾದ ಈ ಕಪ್‌ನಲ್ಲಿ ಭಾರತದ ಒಂದು ಕ್ಲಬ್ ಫೈನಲ್ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ ಎದುರು 1-0ರಿಂದ ಸೋತೆವು. ಅಪ್ಪ ಟಿವಿ ಆರಿಸಿ, "ಪರವಾಗಿಲ್ಲ, ಚೆನ್ನಾಗಿ ಆಡಿದ್ರು ನಮ್ ಹುಡುಗ್ರು" ಅಂದರು. ನಮ್ ಹುಡುಗ್ರು! ನಾನು ಏನೂ ಹೇಳಲಿಲ್ಲ.

2017ರಲ್ಲಿ ತಂಡ ಐಎಸ್‌ಎಲ್‌ಗೆ ಸೇರಿತು, ನಾನು ಮದುವೆಯಾಗಿ ದೇವಳಾಲಿಗೆ ಬಂದೆ. ಮೊದಲ ವರ್ಷವೇ ಪಟ್ಟಿಯಲ್ಲಿ ಮೊದಲ ಸ್ಥಾನ, ಆದರೆ ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಗೆ 3-2ರಿಂದ ಶರಣು. ಮುಂದಿನ ವರ್ಷ, 2019ರ ಮಾರ್ಚ್ 17ರಂದು ಫೈನಲ್ ಇದ್ದದ್ದು ಮುಂಬೈಯ ಅಂಧೇರಿಯಲ್ಲಿ. ನಾನೂ ನಮ್ಮ ಮನೆಯವರೂ ಬೆಳಗಿನ ಪಂಚವಟಿ ಎಕ್ಸ್‌ಪ್ರೆಸ್ ಹತ್ತಿದೆವು. ಗೋವಾ ಎದುರು ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಆಟದಲ್ಲೂ ಇಲ್ಲ. ಪೆನಾಲ್ಟಿಯೇ ಗತಿ ಎನ್ನುವಾಗ 117ನೇ ನಿಮಿಷದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. ಭೇಕೆ ಮುಂಬೈಯ ಹುಡುಗ. ಕನ್ನಡದ ಊರಿಗೆ ಕಪ್ ಕೊಡಿಸಿದ್ದು ಮುಂಬೈಯವನು ಎಂದು ನಮ್ಮ ನಾದಿನಿಯ ಮನೆಯಲ್ಲಿ ಆ ರಾತ್ರಿ ಎಲ್ಲರಿಗೂ ಖುಷಿ, ಪೂರಣಪೋಳಿ ಒಂದು ಬಾಕಿ.

ಆಮೇಲಿನ ವರ್ಷಗಳು ಏರುಪೇರಿನವು. 2022ರಲ್ಲಿ ಡ್ಯುರಾಂಡ್ ಕಪ್ ಬಂತು. 2023ರ ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು. ಅದೇ ವರ್ಷ ಮಹಿಳಾ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಫೈನಲ್ ತಲುಪಿತು, ಗೋಕುಲಂ ಕೈಯಲ್ಲಿ 5-0ರಿಂದ ಸೋತಿತು. ಅದರ ಸುದ್ದಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಾಯಿತು? ನನಗೂ ಗೊತ್ತಾದದ್ದು ಎರಡು ದಿನ ಬಿಟ್ಟು. 2025ರ ಏಪ್ರಿಲ್‌ನಲ್ಲಿ ಗೋವಾ ಎದುರಿನ ಸೆಮಿಫೈನಲ್‌ನ ಕೊನೆಯ ಗಳಿಗೆಯಲ್ಲಿ ನಲವತ್ತು ವರ್ಷದ ಛೆಟ್ರಿ ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದ. ಅಲ್ಲಿ ಮತ್ತದೇ ಮೋಹನ್ ಬಾಗಾನ್, ಹೆಚ್ಚುವರಿ ಆಟದಲ್ಲಿ 2-1ರ ಸೋಲು.

ನಾಲ್ಕು ತಿಂಗಳಿಗೆ ಇನ್ನೊಂದು ಬಗೆಯ ಸುದ್ದಿ. ಲೀಗ್ ನಡೆಸುವ ಒಪ್ಪಂದದ ವಿಷಯದಲ್ಲಿ ಫೆಡರೇಶನ್ ಮತ್ತು ಲೀಗ್‌ನವರ ನಡುವೆ ಮಾತು ಮುಗಿಯದೆ ಹೊಸ ಸೀಸನ್ ತಡೆದು ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ವೃತ್ತಿಪರ ಕ್ಲಬ್ ಅಂದರೆ ಇಷ್ಟೇ ತಾನೇ, ಆಟವೇ ಕೆಲಸ, ಆಟ ನಿಂತರೆ ಕೆಲಸವೂ ನಿಂತಿತು. ಐಟಿಯಲ್ಲಿರುವ ನಮಗೆ 'ಬೆಂಚ್' ಎಂಬ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಕಾಲದ ತಂಡಗಳಿಗೆ ಇಂಥ ಮೈದಾನ, ಇಂಥ ಹೆಸರು ಇರಲಿಲ್ಲ, ಆದರೆ ತಿಂಗಳ ಮೊದಲ ತಾರೀಖು ಇತ್ತು.

ಹನ್ನೆರಡು ವರ್ಷದ ಹಿಂದೆ ನುಡಿದ ಭವಿಷ್ಯ ನಿಜವಾಯಿತೆಂದು ಅಪ್ಪ ಬೀಗಬಹುದು ಎಂದುಕೊಂಡೇ ಆ ವಾರ ಫೋನ್ ಮಾಡಿದೆ. ಅವರು ಪತ್ರಿಕೆ ಓದಿ ಮುಗಿಸಿದ್ದರು. ಮಂಡಿನೋವಿನ ಮಾತ್ರೆ, ಅಮ್ಮನ ಬಿಪಿ, ನಾಸಿಕ್‌ನ ಮಳೆ ಎಲ್ಲ ಆದ ಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಛೆಟ್ರಿ ಬಿಡು, ಅವನಿಗೆ ಹೆಂಗೋ ಆಗುತ್ತೆ. ಆ ಚಿಕ್ಕ ಹುಡುಗ್ರು ಇದ್ದಾರಲ್ಲಮ್ಮ, ಬಾಡಿಗೆ ಮನೆಯಲ್ಲಿರೋರು, ಅವರಿಗೆ ಏನ್ ಮಾಡ್ತಾರಂತೆ?"