ಕಿನ್ನಾಳದ ಗೊಂಬೆಯೂ ಜಲವರ್ಣದ ದಾಖಲೆಯೂ

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರ ಕೆತ್ತುವ ಕೈ, ಬಣ್ಣ ಹಚ್ಚುವ ಕೈ ಎರಡೂ ಒಂದೇ ಮನೆತನದವು. ಈ ಕಸುಬಿನವರಿಗೆ ಚಿತ್ರಗಾರರೆಂದೇ ಹೆಸರು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೆಂಬ ನಂಬಿಕೆ ಅವರಲ್ಲಿದೆ. ಕಲಬುರಗಿಯಂತೆ ಕೊಪ್ಪಳದ ಸೀಮೆಯೂ 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಗೊಂಬೆ ಒಂದೇ ರಾಜ್ಯದ ಕಸುಬುಗಳಾದದ್ದು ಆಮೇಲೆ.

ಗರುಡನಾಗಲಿ ಗೌರಿಯಾಗಲಿ, ಹಗುರವಾದ ಮೆದು ಮರದಲ್ಲಿ ಬಿಡಿಬಿಡಿಯಾಗಿ ಕೆತ್ತಿದ ಅಂಗಗಳನ್ನು ಮೊದಲು ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿದರೆ 'ಕಿಟ್ಟ' ಸಿದ್ಧ. ಅದನ್ನು ಮೈತುಂಬ ಬಳಿದು, ಮೇಲೆ ಅರಿವೆಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಡುತ್ತಾರೆ. ಉಬ್ಬಿ ಕಾಣುವ ಒಡವೆಗಳೂ ಕಲ್ಲುಪುಡಿಯವೇ. ಕೊನೆಗೆ ಬಣ್ಣ; ಚಿನ್ನ, ಬೆಳ್ಳಿಯ ಹೊಳಪಿಗೆ ತವರದಿಂದ ಮಾಡುವ ಲಾಜವರ. ಇಷ್ಟಾದ ಮೇಲೆ ಉಳಿಯ ಗುರುತು ಒಂದೂ ಕಾಣುವುದಿಲ್ಲ. ಕಿನ್ನಾಳದ ಹೆಚ್ಚುಗಾರಿಕೆ ಇರುವುದೇ ಇಲ್ಲಿ.

ಇಂಥ ಬಣ್ಣದ ಮರದ ಮೂರ್ತಿಯನ್ನು ಕಾಗದಕ್ಕಿಳಿಸುವ ದೊಡ್ಡ ಪ್ರಯತ್ನವೊಂದು ನಡೆದದ್ದು ಅಮೆರಿಕದಲ್ಲಿ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಕಲಾವಿದರಿಗೆ ಸರಕಾರ 1935ರಲ್ಲಿ ಆರಂಭಿಸಿದ 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್' ಯೋಜನೆ 1942ರ ತನಕ ನಡೆಯಿತು. ಹಡಗಿನ ಮೂತಿಯ ಬೊಂಬೆ, ತಂಬಾಕಿನ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದ ಆಳೆತ್ತರದ ಮೂರ್ತಿ, ಮಕ್ಕಳ ಆಟಿಕೆ ಸೇರಿ 18,000ಕ್ಕೂ ಹೆಚ್ಚು ಚಿತ್ರಗಳು ಸಿದ್ಧವಾದವು. ಅವು ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಆಗಿನ ಬಣ್ಣದ ಫೋಟೊ ದುಬಾರಿ, ಅದರ ಬಣ್ಣವೂ ಬಾಳುತ್ತಿರಲಿಲ್ಲ. ಆದ್ದರಿಂದಲೇ ಜಲವರ್ಣ. ತೆಳು ಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚಿ, ಮರದ ಬಿರುಕು, ಸುಲಿದ ಬಣ್ಣ, ಸವೆದ ಮೂಗನ್ನೂ ಕಲಾವಿದರು ಬಿಡದೆ ಮೂಡಿಸಿದರು. ಸುತ್ತಲಿನ ಕಾಗದ ಬರಿದಾಗಿರುವುದರಿಂದ ನೋಟ ಮೂರ್ತಿಯ ಮೇಲೇ ನಿಲ್ಲುತ್ತದೆ.

ಈ ಯೋಜನೆಯ ಕಲ್ಪನೆಗೆ ಕಾರಣರಾದವರಲ್ಲಿ ಜವಳಿ ವಿನ್ಯಾಸಕಿ ರೂತ್ ರೀವ್ಸ್ ಒಬ್ಬರು. ಅವರು 1956ರಲ್ಲಿ ಭಾರತಕ್ಕೆ ಬಂದು, 1966ರಲ್ಲಿ ದೆಹಲಿಯಲ್ಲಿ ತೀರಿಕೊಳ್ಳುವ ತನಕ ಇಲ್ಲಿನ ಕರಕುಶಲ ಕಲೆಗಳ ಅಧ್ಯಯನದಲ್ಲೇ ತೊಡಗಿದ್ದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕಟ್ಟಿ ಬೆಳೆಸಿದ ಕಾಲವದು. ಅದೇ ಹೊತ್ತಿನಲ್ಲಿ, 1961ರ ಜನಗಣತಿಯ ಜೊತೆಗೇ ದೇಶದ ಆಯ್ದ ಕಸುಬುಗಳ ಸಮೀಕ್ಷೆಯೂ ನಡೆಯಿತು. ಜಲವರ್ಣ ಹೊರಮೈಯನ್ನು ಹಿಡಿದರೆ, ಬಣ್ಣದಡಿಯ ಕಿಟ್ಟ, ಅರಿವೆ, ಅಂಟುಗಳಂಥ ವಿವರ ಉಳಿಯುವುದು ಕಸುಬುದಾರರನ್ನೇ ಕೇಳಿ ಬರೆದುಕೊಳ್ಳುವ ಇಂಥ ಸಮೀಕ್ಷೆಗಳಲ್ಲಿ.